ಅಚ್ಚುಮೊಳೆ: ಒಂದು ಪದವನ್ನು ಎಲ್ಲೆಲ್ಲಿ ಕತ್ತರಿಸಬಹುದು?

ಪದಬಂಧದಲ್ಲಿ ನಾಲ್ಕು ಖಾಲಿ ಮನೆ ಇವೆ. ಸುಳಿವು: ಹಳೆಯ ಛಾಪಖಾನೆಯ ಸೀಸದ ಅಕ್ಷರ. ಉತ್ತರ ಹೊಳೆಯುತ್ತದೆ: ಅಚ್ಚುಮೊಳೆ. ಅ, ಚ್ಚು, ಮೊ, ಳೆ. ನಾಲ್ಕೇ ಮನೆಯಲ್ಲಿ ಸರಿಯಾಗಿ ಕೂರುತ್ತದೆ.

ಈಗ ಅದೇ ಪದವನ್ನು ಅಕ್ಷರ ಎಣಿಸುವ ಒಂದು ಆನ್‌ಲೈನ್ ಫಾರಂನಲ್ಲಿ ಟೈಪ್ ಮಾಡಿ. ಅದು 9 ಎನ್ನಬಹುದು. ಛಂದಸ್ಸು ಕಲಿಯುತ್ತಿರುವ ಹುಡುಗಿಯನ್ನು ಕೇಳಿ, 5 ಮಾತ್ರೆ ಅಂತಾಳೆ. ವ್ಯಾಕರಣದ ಮೇಷ್ಟ್ರು ಬಿಡಿಸಿ ಬರೆದು 2 ತುಂಡು ತೋರಿಸುತ್ತಾರೆ. ನಾಲ್ಕು, ಒಂಬತ್ತು, ಐದು, ಎರಡು. ಯಾರೂ ತಪ್ಪು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ ಕತ್ತರಿ ಇಡುತ್ತಿದ್ದಾರೆ, ಅಷ್ಟೇ.

ಹಿಂದೆ ಈ ತಲೆನೋವು ಮೊಳೆ ಜೋಡಿಸುವವರದ್ದು. ಈಗ ಮದುವೆ ಕಾಗದದಿಂದ ಹಿಡಿದು ಗಣೇಶೋತ್ಸವದ ಬ್ಯಾನರಿನವರೆಗೆ ಎಲ್ಲವನ್ನೂ ನಾವೇ ಫೋನಿನಲ್ಲಿ ಕೂರಿಸುತ್ತೇವೆ. ಸಾಲು ತುಂಬಿದಾಗ ಪದ ಎಲ್ಲೋ ಮುರಿಯುತ್ತದೆ. ಒತ್ತಕ್ಷರ ಕಳಚಿ ಪಕ್ಕದಲ್ಲಿ ಬೀಳುತ್ತದೆ. ಯಾಕೆ ಹೀಗೆ ಅಂತ ತಿಳಿಯಲು ಅಚ್ಚುಮೊಳೆ ಎಂಬ ಈ ಹಳೆಯ ಪದವನ್ನೇ ಬಿಚ್ಚಿ ನೋಡೋಣ. ಅದರೊಳಗೆ ಎಲ್ಲವೂ ಇದೆ.

ಮೊದಲು ಆ ವಸ್ತು ಏನು?

ಒಂದು ಇಂಚಿಗಿಂತ ಸ್ವಲ್ಪ ಗಿಡ್ಡದಾದ, ಚೌಕ ಕಾಲಿನ ಲೋಹದ ಕಡ್ಡಿ. ಇಂಗ್ಲೆಂಡ್, ಅಮೆರಿಕದ ಅಳತೆಯಲ್ಲಿ ಅದರ ಎತ್ತರ 0.918 ಇಂಚು. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದದ್ದು. ತಲೆಯ ಮೇಲೆ ಒಂದು ಅಕ್ಷರ ಉಬ್ಬಿ ನಿಂತಿರುತ್ತದೆ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಪಕ್ಕದಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಜೋಡಿಸುವವರ ಬೆರಳಿಗೆ ಆ ಕಚ್ಚು ಸಿಕ್ಕಿದರೆ ಸಾಕು, ಅಕ್ಷರ ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ನೋಡದೆಯೇ ಗೊತ್ತಾಗುತ್ತದೆ.

ಇಂಥ ಮೊಳೆಗಳನ್ನು ಒಂದೊಂದಾಗಿ ಆರಿಸಿ, ಸಾಲು ಮಾಡಿ, ಶಾಯಿ ಹಚ್ಚಿ, ಕಾಗದ ಒತ್ತಿದರೆ ಪುಟ ಆಯಿತು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಹೀಗೇ ಅಚ್ಚಾಯಿತು. ಆಫ್‌ಸೆಟ್ಟು, ಡಿಟಿಪಿ ಬಂದ ಮೇಲೆ ಮೊಳೆಗಳು ಕರಗಿ ಹೋದವು. ಪದ ಮಾತ್ರ ಉಳಿದಿದೆ.

ಅರ್ಥದ ಕತ್ತರಿ: ಎರಡು ತುಂಡು

ಅರ್ಥ ನೋಡಿ ಕತ್ತರಿಸಿದರೆ ಅಚ್ಚುಮೊಳೆ ಎರಡೇ ತುಂಡು: ಅಚ್ಚು, ಮೊಳೆ.

ಅಚ್ಚು ಎಂದರೆ ಏನು? ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ. ಮರದಲ್ಲಿ ಕೊರೆದ ಆನೆ, ಕುದುರೆ, ತುಳಸಿಕಟ್ಟೆ. ಅದರೊಳಗೆ ಬಿಸಿ ಪಾಕ ಸುರಿದು ಆರಿಸಿ ತೆಗೆದರೆ ಬಿಳಿ ಆನೆ ಹೊರಗೆ ಬರುತ್ತದೆ. ಒಂದು ತಮಾಷೆ ಗಮನಿಸಿದ್ದೀರಾ? ಆ ಮರದ ಹಲಗೆಗೂ ಅಚ್ಚು ಅಂತೀವಿ, ಹೊರಬಂದ ಸಕ್ಕರೆಗೂ ಅಚ್ಚು ಅಂತೀವಿ. ರೂಪ ಕೊಡುವುದೂ ಅದೇ, ರೂಪ ಪಡೆದದ್ದೂ ಅದೇ. ಮುದ್ರಣ ಬಂದಾಗ ಈ ಪದ ಸಲೀಸಾಗಿ ಒಗ್ಗಿದ್ದು ಇದಕ್ಕೇ ಇರಬೇಕು. ಒತ್ತುವ ಲೋಹಕ್ಕೂ ಕಾಗದದ ಮೇಲೆ ಮೂಡಿದ ಗುರುತಿಗೂ ಒಂದೇ ಪದ ಸಾಕಾಯಿತು. ತಮಿಳು, ತೆಲುಗು, ಮಲಯಾಳದಲ್ಲೂ ಮುದ್ರಣಕ್ಕೆ ಇದೇ ಅಚ್ಚು ಇದೆ.

ಇದೇ ರೂಪದ ಬೇರೆ ಪದಗಳೂ ಇವೆ, ಬೆರೆಸಬಾರದು. ಬಂಡಿಯ ಅಚ್ಚು ಸಂಸ್ಕೃತದ ಅಕ್ಷ ಎಂಬುದರ ತದ್ಭವ, ಅಂದರೆ ಕನ್ನಡದ ಬಾಯಿಗೆ ತಕ್ಕಂತೆ ಬದಲಾದ ರೂಪ. ತೆಲುಗಿನವರು ಸ್ವರಗಳಿಗೂ ಅಚ್ಚುಗಳು ಎನ್ನುತ್ತಾರೆ. ಅದು ಪಾಣಿನಿಯ ವ್ಯಾಕರಣದ ಅಚ್ ಎಂಬ ಸಂಕೇತದಿಂದ ಬಂದದ್ದು. ಛಾಪಖಾನೆಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ಮೊಳೆ. ಗೋಡೆಗೆ ಹೊಡೆಯುವ ಮೊಳೆಯೂ ಇದೇ, ಮೊಳಕೆ ಒಡೆಯುವ ಮೊಳೆಯೂ ಇದೇ. ನೆಲದಿಂದ ತಲೆ ಎತ್ತಿ ನಿಂತ ಪುಟ್ಟ ಕಡ್ಡಿ ಅನ್ನುವ ಚಿತ್ರ ಎರಡರಲ್ಲೂ ಇದೆ. ತಮಿಳಿನಲ್ಲಿ ಇದು ಮುಳೈ. ಅಲ್ಲಿ ಉ, ಇಲ್ಲಿ ಒ ಯಾಕೆ? ಇದು ಒಂದು ಪದದ ಕತೆಯಲ್ಲ. ತಮಿಳಿನ ಕುಡೈ ಕನ್ನಡದಲ್ಲಿ ಕೊಡೆ. ಅಲ್ಲಿಯ ಪುಗೈ ಇಲ್ಲಿ ಹೊಗೆ. ಹಾಗೆಯೇ ಮುಳೈ, ಮೊಳೆ. ಅಕ್ಕಪಕ್ಕದ ಭಾಷೆಗಳು ಹೀಗೆ ಲೆಕ್ಕಾಚಾರವಾಗಿಯೇ ಬೇರೆಯಾಗುತ್ತವೆ, ಮನಸ್ಸಿಗೆ ಬಂದ ಹಾಗಲ್ಲ.

ಎರಡು ಪದ ಸೇರಿದಾಗ ಯಾರು ಯಜಮಾನ? ಕನ್ನಡದ ಇಂಥ ಜೋಡಿಗಳಲ್ಲಿ ಸಾಮಾನ್ಯವಾಗಿ ಕೊನೆಯಲ್ಲಿರುವವನು. ಅಚ್ಚುಮೊಳೆ ಒಂದು ಬಗೆಯ ಮೊಳೆ, ಅಚ್ಚಿನ ಮೊಳೆ. ಶಾಲೆಯಲ್ಲಿ ಇದನ್ನು ತತ್ಪುರುಷ ಸಮಾಸ ಅಂತ ಹೇಳಿಕೊಡುತ್ತಾರೆ. ಈಗ ಕಲ್ಲಚ್ಚು ಎಂಬ ಪದ ನೋಡಿ. ಇಲ್ಲಿ ಅಚ್ಚು ಕೊನೆಗೆ ಬಂದಿದೆ. ಹಾಗಾಗಿ ಇದು ಕಲ್ಲಲ್ಲ, ಒಂದು ಬಗೆಯ ಅಚ್ಚು: ನುಣುಪಾದ ಕಲ್ಲಿನ ಮೇಲೆ ಬರೆದು ತೆಗೆಯುವ ಮುದ್ರಣ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಅದಕ್ಕೆ ಅಚ್ಚುಮೊಳೆ ಬೇಕಿರಲಿಲ್ಲ.

ಸೇರುವಾಗ ಏನಾಯಿತು ಎಂಬುದನ್ನೂ ನೋಡಬೇಕು. ಕಲ್ಲು, ಅಚ್ಚು ಸೇರಿದಾಗ ಕಲ್ಲು ತನ್ನ ಉಕಾರವನ್ನು ಬಿಟ್ಟುಕೊಟ್ಟಿತು. ಇದು ಲೋಪಸಂಧಿ. ಅಚ್ಚು ಕೂಡ ಮುಂದೆ ಸ್ವರ ಸಿಕ್ಕಿದರೆ ಇದನ್ನೇ ಮಾಡುತ್ತದೆ: ಅಚ್ಚೊತ್ತು, ಅಚ್ಚಾಯಿತು, ಅಚ್ಚಿಗೆ ಹೋಯಿತು. ಆದರೆ ಮೊಳೆ ವ್ಯಂಜನದಿಂದ ಶುರುವಾಗುತ್ತದೆ. ಜಗಳವೇ ಇಲ್ಲ. ಎರಡೂ ಪದ ಗೀರೂ ಬೀಳದೆ ಪಕ್ಕಪಕ್ಕ ಕುಳಿತವು.

ಹಳಗನ್ನಡದಲ್ಲಿ ಇಂಥ ಕಡೆ ಮ ಕೂಡ ಕೆಲವೊಮ್ಮೆ ವ ಆಗುತ್ತಿತ್ತು. ಮೆಲ್ ಮತ್ತು ಮಾತು ಸೇರಿ ಮೆಲ್ವಾತು ಆದದ್ದು ಹಾಗೆ. ಅಚ್ಚುಮೊಳೆ ಆ ಹಾದಿ ಹಿಡಿದಿಲ್ಲ. ಮಳೆಗಾಲದಲ್ಲಿ ಕಾಲ ಹೋಗಿ ಗಾಲ ಆಗಿದೆ, ಅಚ್ಚುಕೂಟದಲ್ಲಿ ಕೂಟ ಮಾತ್ರ ಕೂಟವಾಗಿಯೇ ಇದೆ. ಅಚ್ಚುಕಟ್ಟು ಪದದಲ್ಲೂ ಅಷ್ಟೇ. ಸಂಧಿಯ ನಿಯಮ ಪುಸ್ತಕದಲ್ಲಿ ಇರುವಷ್ಟು ಶಿಸ್ತಾಗಿ ಬಾಯಲ್ಲಿ ಇರುವುದಿಲ್ಲ.

ಕಿವಿಯ ಕತ್ತರಿ: ಅಚ್ ಚು ಮೊ ಳೆ

ಈಗ ಅರ್ಥ ಮರೆತುಬಿಡಿ. ಪದವನ್ನು ನಿಧಾನವಾಗಿ, ತಟ್ಟೆಯ ಮೇಲೆ ಬೆರಳು ಬಡಿಯುತ್ತಾ ಹೇಳಿ. ಒಂದೊಂದು ಬಡಿತಕ್ಕೆ ಬಾಯಿಂದ ಬರುವ ತುಂಡಿಗೆ ಉಚ್ಚಾರಾಂಶ ಎನ್ನುತ್ತಾರೆ. ಪ್ರತಿ ತುಂಡಿನ ಒಳಗೆ ಒಂದು ಸ್ವರ ಇರಲೇಬೇಕು. ವ್ಯಂಜನಗಳು ಅದರ ಆಚೀಚೆ ನಿಲ್ಲುತ್ತವೆ.

ನಾಲ್ಕು ಬಡಿತ ಬರುತ್ತದೆ. ಅದು ಬರಹದ ಲೆಕ್ಕದಂತೆಯೇ ಇದೆ. ಆದರೆ ಎಲ್ಲಿ ತುಂಡಾಯಿತು ಅನ್ನುವುದನ್ನು ಕೇಳಿಸಿಕೊಳ್ಳಿ. ಬರಹದಲ್ಲಿ ಅ, ಚ್ಚು. ಬಾಯಲ್ಲಿ ಅಚ್, ಚು. ನಾಲಿಗೆ ಅಂಗುಳಕ್ಕೆ ತಾಗಿ ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಮೊದಲ ತುಂಡು ಅಲ್ಲಿ ಮುಚ್ಚಿತು. ನಾಲಿಗೆ ಬಿಟ್ಟಾಗ ಎರಡನೆಯದು ತೆರೆಯಿತು. ಒಂದೇ ಬಾಗಿಲು, ಈ ಕೋಣೆಗೆ ಹೊರಬಾಗಿಲು, ಆ ಕೋಣೆಗೆ ಒಳಬಾಗಿಲು.

ಈ ಒಂದು ಕ್ಷಣದ ತಡೆಗೆ ಕನ್ನಡದಲ್ಲಿ ಭಾರೀ ಬೆಲೆ. ತಡೆ ಇಲ್ಲದಿದ್ದರೆ ಕತೆ, ತಡೆ ಇದ್ದರೆ ಕತ್ತೆ. ಹಳಿ ಮೇಲೆ ರೈಲು ಹೋಗುತ್ತದೆ, ಹಳ್ಳಿ ಮೇಲೆ ಹೋಗುವುದಿಲ್ಲ.

ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಒಂದು ನಿಯಮ ಇಲ್ಲಿ ಅರ್ಥವಾಗುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಯಾಕೆ? ಆಗ ನಮಗೆ ಹೇಳಿದ್ದು ನೆನಪಿಲ್ಲ, ಬಹುಶಃ ಯಾರೂ ಕೇಳಲೂ ಇಲ್ಲ. ಅ ಹ್ರಸ್ವ ಸ್ವರ. ಒತ್ತು ಇರುವುದು ಚ ಕೆಳಗೆ. ಹಾಗಿದ್ದಮೇಲೆ ಏನೂ ತಪ್ಪು ಮಾಡದ ಅ ಮೇಲೆ ಎರಡು ಮಾತ್ರೆ ಹೇರುವುದೇಕೆ?

ಕಿವಿಯಿಂದ ಕೇಳಿದರೆ ಉತ್ತರ ಸುಲಭ. ಬಾಯಲ್ಲಿ ಅಲ್ಲಿರುವುದು ಬರೀ ಅ ಅಲ್ಲ, ಅಚ್. ಮುಚ್ಚಿದ ತುಂಡು. ಅದನ್ನು ಹೇಳಲು ತೆರೆದ ಅ ಗಿಂತ ಜಾಸ್ತಿ ಹೊತ್ತು ಬೇಕು. ಛಂದಸ್ಸು ಅಳೆಯುವುದು ಆ ಹೊತ್ತನ್ನೇ. ಆದ್ದರಿಂದ ಅಚ್ಚುಮೊಳೆ ಗುರು, ಲಘು, ಲಘು, ಲಘು. ಎರಡು, ಒಂದು, ಒಂದು, ಒಂದು. ಒಟ್ಟು ಐದು ಮಾತ್ರೆ. ನಿಯಮ ಬರಹದ ಭಾಷೆಯಲ್ಲಿದೆ, ಕಾರಣ ಬಾಯಲ್ಲಿದೆ.

ಮುದ್ರಣ ಎಂಬ ಪದವನ್ನೂ ಹೀಗೇ ಬಡಿದು ನೋಡಿ. ಬರಹ ಮು, ದ್ರ, ಣ. ಬಾಯಿ ಮುದ್, ರ, ಣ. ಕಲ್ಲಚ್ಚು ಇನ್ನೂ ಚೆನ್ನಾಗಿದೆ: ಕಲ್, ಲಚ್, ಚು. ಬರಹದ ಯಾವ ಅಕ್ಷರವೂ ಬಾಯಿಯ ತುಂಡಿಗೆ ಸರಿಯಾಗಿ ಹೊಂದುವುದಿಲ್ಲ, ಆದರೂ ಎಣಿಕೆ ಮಾತ್ರ ಮೂರೇ.

ಎಣಿಕೆ ಹೀಗೆ ಕೂಡಿಬರುವುದು ಆಕಸ್ಮಿಕ ಅಲ್ಲ. ಇವತ್ತಿನ ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಪ್ರತಿ ಬರಹದ ಅಕ್ಷರಕ್ಕೂ ಒಂದು ಸ್ವರ ಇದ್ದೇ ಇರುತ್ತದೆ. ಹೊರಗಿನಿಂದ ಬಂದ ಪದದಲ್ಲಿ ಈ ಲೆಕ್ಕ ತಪ್ಪುತ್ತದೆ. ಪ್ರೆಸ್ ಬರಹದಲ್ಲಿ ಪ್ರೆ, ಸ್. ಪದಬಂಧದಲ್ಲಿ ಅದಕ್ಕೆ ಎರಡು ಮನೆ ಬೇಕು. ಬಾಯಲ್ಲಿ ಒಂದೇ ಬಡಿತ.

ಪ್ರೆಸ್ಸು, ಸ್ಟಿಕ್ಕು, ಕೇಸು

ಛಾಪಖಾನೆಯ ಮಾತನ್ನು ಕೇಳಿದವರಿಗೆ ಇದು ಗೊತ್ತು. ಅಲ್ಲಿ ಪ್ರೆಸ್ ಯಾರೂ ಅನ್ನುತ್ತಿರಲಿಲ್ಲ, ಪ್ರೆಸ್ಸು. ಮೊಳೆ ಜೋಡಿಸಲು ಕೈಯಲ್ಲಿ ಹಿಡಿಯುವ ಪಟ್ಟಿ ಸ್ಟಿಕ್ಕು. ಮೊಳೆ ತುಂಬಿಟ್ಟ ಖಾನೆಗಳ ಮರದ ತಟ್ಟೆ ಕೇಸು. ಕರಡು ತಿದ್ದಲು ತೆಗೆಯುವ ಪ್ರತಿ ಪ್ರೂಫು. ಚಿತ್ರದ್ದು ಬ್ಲಾಕು. ಮೊಳೆಗೇ ಟೈಪು.

ಎಲ್ಲದರ ಬಾಲಕ್ಕೂ ಒಂದು ಉ ಸೇರಿತು. ಆದರೆ ಪ್ರೆಸ್ಸು, ಸ್ಟಿಕ್ಕು ಒತ್ತು ಪಡೆದವು, ಕೇಸು, ಪ್ರೂಫು, ಬ್ಲಾಕು, ಟೈಪು ಪಡೆಯಲಿಲ್ಲ. ಕೇಸ್ಸು ಅಂತ ಯಾರ ಬಾಯಲ್ಲೂ ಬರುವುದಿಲ್ಲ. ಯಾಕೆ?

ಮತ್ತೆ ಅದೇ ಗುರು ಲಘು. ಕೇ, ಪ್ರೂ, ಬ್ಲಾ, ಟೈ ಇವೆಲ್ಲ ದೀರ್ಘ, ಆಗಲೇ ಎರಡು ಮಾತ್ರೆ ಇವೆ. ಪ್ರೆ, ಸ್ಟಿ ಹ್ರಸ್ವ. ಮೂಲದಲ್ಲಿ ಅವಕ್ಕೆ ಮುಚ್ಚಿದ ತುಂಡಿನ ತೂಕ ಇತ್ತು. ಉ ಸೇರಿಸಿದ ಕೂಡಲೇ ಕೊನೆಯ ವ್ಯಂಜನ ಮುಂದಿನ ತುಂಡಿಗೆ ಜಾರಿಹೋಗುತ್ತದೆ, ತೂಕ ಕಡಿಮೆಯಾಗುತ್ತದೆ. ಅದನ್ನು ಉಳಿಸಿಕೊಳ್ಳಲು ನಾಲಿಗೆ ವ್ಯಂಜನವನ್ನು ಇಮ್ಮಡಿ ಮಾಡಿತು. ಬಸ್ಸು, ಪೆನ್ನು, ಟೀ ಕುಡಿಯುವ ಕಪ್ಪು ಒಂದು ಕಡೆ. ಕಾರು, ರೋಡು, ಪೇಜು ಇನ್ನೊಂದು ಕಡೆ. ವ್ಯಾಕರಣ ಓದದ ಮಗುವೂ ಇದರಲ್ಲಿ ತಪ್ಪುವುದಿಲ್ಲ. ನನಗಂತೂ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು ಇದೇ.

ಕೈಯ ಕತ್ತರಿ

ಮೊಳೆ ಜೋಡಿಸುವವರು ಅರ್ಥವನ್ನೂ ಕತ್ತರಿಸುತ್ತಿರಲಿಲ್ಲ, ಸದ್ದನ್ನೂ ಕತ್ತರಿಸುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಆಕಾರ. ಅಚ್ಚುಮೊಳೆ ಎಂದು ಜೋಡಿಸಲು ಕೈ ಹೀಗೆ ಓಡುತ್ತಿತ್ತು: ಅ ಮೊಳೆ, ಚು ಮೊಳೆ, ಆಮೇಲೆ ಚ ಒತ್ತಿನ ಮೊಳೆ, ಮೊ, ಳೆ. ಒತ್ತು ಬೇರೆಯೇ ಒಂದು ಮೊಳೆ. ಅದರ ಸರದಿ ಉಕಾರ ಮುಗಿದ ಮೇಲೆ.

ಯಾಕೆ ಹೀಗೆ ತುಂಡು ಮಾಡಿದರು? ಲೆಕ್ಕ ಹಾಕಿ. ಕನ್ನಡದಲ್ಲಿ 34 ವ್ಯಂಜನ, 13 ಸ್ವರ. ಕಾಗುಣಿತವಷ್ಟಕ್ಕೇ 442 ರೂಪ. ಪ್ರತಿಯೊಂದಕ್ಕೂ ಬೇರೆ ಬೇರೆ ಒತ್ತು ಸೇರಿಸಿ ಎರಕ ಹೊಯ್ಯುತ್ತಾ ಹೋದರೆ ಸಾವಿರಾರು ಮೊಳೆ ಬೇಕು, ಅಷ್ಟು ಖಾನೆಗಳಿಗೆ ಕೈ ಎಟುಕುವುದಿಲ್ಲ. ಒತ್ತನ್ನು ಬಿಡಿಯಾಗಿಟ್ಟರೆ ಒಂದೇ ಚ ಒತ್ತು ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ. ಕನ್ನಡದ ಒತ್ತುಗಳು ಹೆಚ್ಚಾಗಿ ಅಕ್ಷರದ ಕೆಳಗೆ ಬಲಕ್ಕೆ ಸರಿದು ಕೂರುವುದರಿಂದ ಇದು ಸಾಧ್ಯವೂ ಆಯಿತು.

ಫೋನಿನೊಳಗಿನ ಒಂಬತ್ತು

ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಪ್ರತಿ ಗುರುತಿಗೂ ಒಂದು ಸಂಖ್ಯೆ ಕೊಟ್ಟಿರುವ ಪಟ್ಟಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಫೋನು ಅಚ್ಚುಮೊಳೆಯನ್ನು ಹೀಗೆ ನೆನಪಿಡುತ್ತದೆ: ಅ, ಚ, ಅರ್ಧಾಕ್ಷರದ ಗುರುತು, ಚ, ಉಕಾರ, ಮ, ಒಕಾರ, ಳ, ಎಕಾರ. ಒಂಬತ್ತು. ಫಾರಂ ಎಣಿಸಿದ್ದು ಇದನ್ನು.

ಇಲ್ಲಿ ಒತ್ತು ಅಂತ ಬೇರೆ ಗುರುತೇ ಇಲ್ಲ. ಚ, ಅರ್ಧಾಕ್ಷರದ ಗುರುತು, ಚ ಒಟ್ಟಿಗೆ ಬಂದರೆ ಎರಡನೆಯ ಚ ಒತ್ತಾಗಿ ಕೆಳಗಿಳಿಯಬೇಕು ಎಂಬುದು ಫಾಂಟು ಮಾಡುವ ಕೆಲಸ. ಕ್ರಮವೂ ಬಾಯಿಯದ್ದು: ಮೊದಲು ಎರಡು ಚ, ಆಮೇಲೆ ಉ. ಯೂನಿಕೋಡ್‌ಗಿಂತ ಮುಂಚಿನ, ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಕಾಲದ ಫಾಂಟುಗಳು ಹೀಗಿರಲಿಲ್ಲ. ಅವು ಆಕಾರದ ತುಂಡುಗಳನ್ನೇ ಸಾಲಾಗಿ ಇಡುತ್ತಿದ್ದವು, ಒತ್ತು ಕೊನೆಯಲ್ಲಿ. ಒಂದು ರೀತಿಯಲ್ಲಿ ಅವು ಕಂಪ್ಯೂಟರಿನೊಳಗಿನ ಮೊಳೆ ಕೇಸುಗಳು. ಹಳೆಯ ಕಡತವನ್ನು ಹೊಸದಕ್ಕೆ ಬದಲಿಸುವಾಗ ಒತ್ತು, ಸ್ವರ ಅದಲುಬದಲಾಗುವುದಕ್ಕೆ ಇದೂ ಒಂದು ಕಾರಣ.

ಸುಮ್ನೆ ಒಮ್ಮೆ ಫೋನಿನಲ್ಲಿ ಅಚ್ಚು ಅಂತ ಬರೆದು ಅಳಿಸುವ ಕೀಲಿ ಒತ್ತುತ್ತಾ ಹೋಗಿ. ಬಹಳಷ್ಟು ಕೀಬೋರ್ಡುಗಳಲ್ಲಿ ಅಚ್ಚು, ಅಚ್ಚ, ಅಚ್, ಅಚ, ಅ ಎಂದು ಒಂದೊಂದೇ ಪದರ ಕಳಚುತ್ತದೆ.

ಪ್ರೆಸ್ಸು ಅನ್ನುವ ಹಳೆಯ ರೂಢಿಗೆ ಇಲ್ಲೊಂದು ಲಾಭ ಇದೆ. ಪ್ರೆಸ್ ಎಂದು ಬರೆದು ‘ನಲ್ಲಿ’ ಸೇರಿಸಿದರೆ, ಬೇರೆ ಏನೂ ಮಾಡದಿದ್ದಾಗ, ಪ್ರೆಸ್ನಲ್ಲಿ ಆಗುತ್ತದೆ. ನ ಓಡಿಹೋಗಿ ಸ ಕೆಳಗೆ ಒತ್ತಾಗಿ ಕೂರುತ್ತದೆ. ಅದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು, ಆಗ ಪ್ರೆಸ್‌ನಲ್ಲಿ ಎಂದು ಬರುತ್ತದೆ. ಪ್ರೆಸ್ಸಿನಲ್ಲಿ ಎಂದು ಬರೆದರೆ ಈ ಗೋಜೇ ಇಲ್ಲ.

ಸಾಲಿನ ಕೊನೆಯಲ್ಲಿ

ಹಾಗಾದರೆ ಸಾಲು ತುಂಬಿದಾಗ ಪದವನ್ನು ಎಲ್ಲಿ ಮುರಿಯಬೇಕು?

ಇಂಗ್ಲಿಷಿನಲ್ಲಿ ಜೋಡಿ ವ್ಯಂಜನ ಬಂದರೆ ಸಾಮಾನ್ಯವಾಗಿ ಅವೆರಡರ ನಡುವೆ ಮುರಿಯುತ್ತಾರೆ, ಒಂದು ಮೇಲಿನ ಸಾಲಿಗೆ, ಒಂದು ಕೆಳಗಿನ ಸಾಲಿಗೆ. ಅದೇ ನಿಯಮವನ್ನು ಇಲ್ಲಿ ಹಾಕಿದರೆ ಮೇಲೆ ಅಚ್, ಕೆಳಗೆ ಚುಮೊಳೆ ಎಂದಾಗುತ್ತದೆ. ಕಿವಿಗೆ ಇದು ಸರಿಯಾದ ಜಾಗವೇ. ಕಣ್ಣಿಗೆ ಮಾತ್ರ ಅಪಘಾತ. ಕನ್ನಡ ಬರಹದಲ್ಲಿ ಚ್ಚು ಒಂದೇ ಅಕ್ಷರ, ಅದರ ಹೊಟ್ಟೆ ಸೀಳುವಂತಿಲ್ಲ. ಆದ್ದರಿಂದ ಬರಹದ ಅಕ್ಷರ ಮುಗಿದಲ್ಲಿ ಮಾತ್ರ ಮುರಿಯಬೇಕು: ಅ ಆದಮೇಲೆ, ಚ್ಚು ಆದಮೇಲೆ, ಮೊ ಆದಮೇಲೆ.

ಈ ಮೂರರಲ್ಲಿ ಒಳ್ಳೆಯದು ಯಾವುದು ಎಂದು ಹೇಳುವುದು ಅರ್ಥ. ಅ ಒಂದೇ ಸಾಲಿನ ತುದಿಯಲ್ಲಿ ನಿಂತರೆ ಓದುಗ ಅದನ್ನು ಬೇರೆ ಪದದ ಶುರು ಎಂದುಕೊಳ್ಳುತ್ತಾನೆ. ಮೊ ಆದಮೇಲೆ ಮುರಿದರೆ ಕೆಳಗೆ ಳೆ ಅನಾಥ. ಅಚ್ಚು ಮೇಲೆ, ಮೊಳೆ ಕೆಳಗೆ ಬಂದರೆ ಎರಡೂ ಕಡೆ ಇಡೀ ಪದ ಸಿಗುತ್ತದೆ. ಅಚ್ಚುಮೊಳೆಯನ್ನು ಎಂದಿದ್ದರೆ ಇನ್ನೊಂದು ಒಳ್ಳೆಯ ಜಾಗ ಸಿಕ್ಕೀತು: ಅಚ್ಚುಮೊಳೆ ಮೇಲೆ, ಯನ್ನು ಕೆಳಗೆ. ಯ ಬಂದದ್ದೇ ಎರಡು ಸ್ವರಗಳ ನಡುವೆ ಅಂಟಾಗಿ, ಹಾಗಾಗಿ ಅದರ ಮುಂಚೆ ಬಿಡಿಸಿದರೆ ಪದಕ್ಕೆ ಪೆಟ್ಟಾಗುವುದಿಲ್ಲ.

ನಿಮ್ಮ ಆ್ಯಪು ತಪ್ಪು ಕಡೆ ಮುರಿಯುತ್ತಿದ್ದರೆ ಮೊದಲು ಅದರ ಭಾಷೆಯನ್ನು ಕನ್ನಡ ಎಂದು ಬದಲಿಸಿ ನೋಡಿ. ಇಂಗ್ಲಿಷ್ ಎಂದೇ ಬಿಟ್ಟಿದ್ದರೆ ಅದಕ್ಕೆ ನಮ್ಮ ಅಕ್ಷರದ ಅಂಚು ಗೊತ್ತಿಲ್ಲದಿರಬಹುದು. ಅದಕ್ಕೂ ಬಗ್ಗದಿದ್ದರೆ ಛಾಪಖಾನೆಯವರು ಮಾಡುತ್ತಿದ್ದದ್ದೇ ದಾರಿ: ಪದಗಳ ನಡುವಿನ ಜಾಗವನ್ನು ಒಂದಿಷ್ಟು ಹಿಗ್ಗಿಸಿ, ಇಡೀ ಅಚ್ಚುಮೊಳೆಯನ್ನು ಕೆಳಗಿನ ಸಾಲಿಗೆ ಇಳಿಸಿಬಿಡಿ.